ಹೊಣೆ ಯಾರದು? ಸರ್ಕಾರ ಜವಾಬ್ದಾರಿಯಿಂದ ನುಣುಚಿಕೊಳ್ಳುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶುಕ್ರವಾರ ಮಡಿಕೇರಿ ಸಂತೆ. ತರಕಾರಿ, ಮೀನು ಕೊಂಡಾದ ಮೇಲೆ ಬಸ್ಸಿಗೆ ಇನ್ನೂ ಹೊತ್ತಿದ್ದರೆ ಕೆಲವರು ನನ್ನ ಕೋಣೆಗೆ ಬರುತ್ತಾರೆ. ಅರ್ಜಿ ಬರೆಸಿಕೊಳ್ಳುತ್ತಾರೆ, ಕಚೇರಿಯಿಂದ ಬಂದ ಹಿಂಬರಹ ಓದಿಸಿಕೊಳ್ಳುತ್ತಾರೆ. ಕೊಡಗಿನಲ್ಲಿ ಗುಡ್ಡಗಳು ಜಾರಿದ 2018ರ ಮಳೆಯಾದ ಮೇಲೆ ಅರ್ಜಿಗಿಂತ ಪ್ರಶ್ನೆಗಳೇ ಜಾಸ್ತಿಯಾದವು. ಊರು ಬಿಟ್ಟು ಹೋದವರು ಕಾಗದ ಬರೆದೂ ಕೇಳಿದ್ದಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತೊಡಕಿನದ್ದು ಆಮೇಲೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಅರ್ಥವಾಗುತ್ತದೆ.

## ಮೊದಲು ತಿಳಿಯಬೇಕಾದ್ದು

"ಮಳೆ ಬಂತು, ಗುಡ್ಡ ಜಾರಿತು. ಇದರಲ್ಲಿ ಸರ್ಕಾರದ ತಪ್ಪು ಎಲ್ಲಿ ಬಂತು ಅಕ್ಕಾ?"

ಮಳೆಗೆ ಸರ್ಕಾರ ಕಾರಣವಲ್ಲ. 2018ರ ಆಗಸ್ಟ್‌ನಲ್ಲಿ ಸುರಿದಂಥ ಮಳೆಯನ್ನು ಯಾರೂ ನಿಲ್ಲಿಸಲು ಆಗುತ್ತಿರಲಿಲ್ಲ. ಆದರೆ ಆ ಮಳೆ ಬಿದ್ದದ್ದು ಎಂಥ ಗುಡ್ಡದ ಮೇಲೆ? ಜೋಡುಪಾಲ, ಮದೆನಾಡು, ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಕಡೆ ಓಡಾಡಿದವರಿಗೆ ಗೊತ್ತು. ರಸ್ತೆಗೆ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಇಳಿಜಾರು, ಕಡಿದಿದ್ದರು, ಮನೆಗೆ ಮಟ್ಟ ಮಾಡಿದ್ದರು, ಹೋಂಸ್ಟೇಗೆ ಜೆಸಿಬಿ ಇಳಿಸಿದ್ದರು. ನೀರು ಹರಿದು ಹೋಗುತ್ತಿದ್ದ ಹಳೆಯ ತೋಡುಗಳು ಮುಚ್ಚಿಹೋಗಿದ್ದವು. ಆಮೇಲೆ ಬಂದು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ತಜ್ಞರೂ ಮಳೆಯ ಜೊತೆಗೆ ಇಳಿಜಾರನ್ನು ಮನುಷ್ಯ ಕಡಿದದ್ದೂ ಕಾರಣ ಎಂದೇ ಹೇಳಿದರು.

ಬರೆ ಕಡಿಯಲು ಯಾರೋ ಒಪ್ಪಿಗೆ ಕೊಟ್ಟಿರುತ್ತಾರೆ. ಅಥವಾ ಕಡಿಯುವುದನ್ನು ನೋಡಿಯೂ ಸುಮ್ಮನಿರುತ್ತಾರೆ. ರಸ್ತೆಯಾದರೆ ಸರ್ಕಾರವೇ ಕಡಿಸಿರುತ್ತದೆ. ಮಳೆ ಪ್ರಕೃತಿಯದ್ದು, ಒಪ್ಪಿಗೆ ಮನುಷ್ಯರದ್ದು. "ಪ್ರಕೃತಿ ವಿಕೋಪ" ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಸೇರಿಸಿಬಿಟ್ಟರೆ ಒಪ್ಪಿಗೆಯ ವಿಚಾರ ಮಳೆಯಲ್ಲೇ ಕೊಚ್ಚಿಹೋಗುತ್ತದೆ.

"ತಪ್ಪಾಯ್ತು ಅಂತ ಒಪ್ಪಿಕೊಂಡ್ರೆ ಇವ್ರ ಗಂಟೇನು ಹೋಗುತ್ತೆ?"

ಮತ ಹೋಗುತ್ತದೆ ಎಂಬ ಹೆದರಿಕೆ. ಅಮೆರಿಕದ ರಾಜ್ಯಶಾಸ್ತ್ರಜ್ಞ ಕೆಂಟ್ ವೀವರ್ 1986ರಲ್ಲೇ ಇದನ್ನು ವಿವರಿಸಿದ್ದರು. ಒಳ್ಳೆಯದು ಮಾಡಿ ಹೆಸರು ಗಳಿಸುವುದಕ್ಕಿಂತ ಕೆಟ್ಟದ್ದರ ಹೆಸರು ತಮ್ಮ ತಲೆಗೆ ಬಾರದಂತೆ ನೋಡಿಕೊಳ್ಳುವುದೇ ರಾಜಕಾರಣಿಗಳಿಗೆ ಮುಖ್ಯ ಎಂದರು. ಕಾರಣ ನಾವೇ. ಸಿಕ್ಕಿದ್ದನ್ನು ನಾವು ಬೇಗ ಮರೆಯುತ್ತೇವೆ, ಕಳೆದುಕೊಂಡದ್ದನ್ನು ಮರೆಯುವುದಿಲ್ಲ. ಊರಿಗೆ ಡಾಂಬರು ರಸ್ತೆ ಬಂದ ವರ್ಷ ಎಷ್ಟು ಜನರಿಗೆ ನೆನಪಿದೆ? ಅದೇ ರಸ್ತೆಯ ಮೇಲಿನ ಬರೆ ಕುಸಿದು ಮನೆ ಹೋದ ದಿನ, ಗಂಟೆ ಎಲ್ಲವೂ ನೆನಪಿದೆ.

ಇನ್ನೊಂದು ಕಾರಣವೂ ಇದೆ. ತಪ್ಪು ಒಪ್ಪಿದರೆ ಪರಿಹಾರ ಕೊಡಬೇಕು, ಕೋರ್ಟಿನಲ್ಲಿ ಅದೇ ಮಾತು ಸಾಕ್ಷಿಯಾಗುತ್ತದೆ. ಹಾಗಾಗಿ ಕನಿಕರದ ಮಾತು ಎಷ್ಟು ಬೇಕಾದರೂ ಸಿಗುತ್ತದೆ, "ನಮ್ಮ ನಿರ್ಧಾರ ತಪ್ಪಿತ್ತು" ಎಂಬ ಒಂದು ವಾಕ್ಯ ಸಿಗುವುದಿಲ್ಲ.

"ಇದು ಆ ಪಕ್ಷದವ್ರ ಬುದ್ಧಿ ಅಲ್ವಾ?"

ಅಲ್ಲ. ಯಾವ ಪಕ್ಷ ಬಂದರೂ ಇದೇ. ವಿರೋಧ ಪಕ್ಷದಲ್ಲಿದ್ದಾಗ ತನಿಖೆ ಕೇಳಿದವರೇ ಅಧಿಕಾರಕ್ಕೆ ಬಂದಾಗ ವರದಿ ಮಡಚಿಡುತ್ತಾರೆ. ನಿಮ್ಮ ಪಕ್ಷದವರು ಮಾಡಿದಾಗಲೂ ಇದೇ ಪ್ರಶ್ನೆ ಕೇಳಿ.

## ನುಣುಚಿಕೊಳ್ಳುವ ದಾರಿಗಳು

"ಹೇಗೆಲ್ಲ ತಪ್ಪಿಸಿಕೊಳ್ತಾರೆ? ಒಂದೇ ಮಾತಲ್ಲಿ ಹೇಳಿ"

ಒಂದೇ ಮಾತಿನಲ್ಲಿ ಆಗುವುದಿಲ್ಲ, ಮೂರರಲ್ಲಿ ಹೇಳಬಹುದು. ಬ್ರಿಟನ್ನಿನ ವಿದ್ವಾಂಸ ಕ್ರಿಸ್ಟೋಫರ್ ಹುಡ್ ಮಾಡಿದ ವಿಂಗಡಣೆ ಇದು. ಒಂದು, ಮಾತಿನಿಂದ: ಆದದ್ದನ್ನು ಬೇರೆ ಹೆಸರಿನಿಂದ ಕರೆಯುವುದು. ಎರಡು, ಕೆಲಸ ಹಂಚುವುದರಿಂದ: ತೊಂದರೆ ಬಂದಾಗ ಹೊಣೆ ಬೇರೆ ಇಲಾಖೆಗೋ, ಕಂಟ್ರಾಕ್ಟರಿಗೋ ಹೋಗುವ ಹಾಗೆ ಮೊದಲೇ ವ್ಯವಸ್ಥೆ ಮಾಡಿಟ್ಟುಕೊಳ್ಳುವುದು. ಮೂರು, ನಿಯಮದಿಂದ: ಯಾರೂ ಸ್ವಂತ ಬುದ್ಧಿಯಿಂದ ನಿರ್ಧಾರ ಮಾಡದ ಹಾಗೆ, ಎಲ್ಲದಕ್ಕೂ "ಸುತ್ತೋಲೆಯಂತೆ" ಎನ್ನುವ ಹಾಗೆ ನೋಡಿಕೊಳ್ಳುವುದು.

ಜನ ಮೊದಲನೆಯದನ್ನು ಮಾತ್ರ ಗಮನಿಸುತ್ತಾರೆ, ಯಾಕೆಂದರೆ ಟಿವಿಯಲ್ಲಿ ಕಾಣುವುದು ಅದೇ. ಎರಡು ಮತ್ತು ಮೂರನೆಯದು ಅನಾಹುತಕ್ಕಿಂತ ವರ್ಷಗಳ ಮುಂಚೆಯೇ ಕಡತದಲ್ಲಿ ನಡೆದಿರುತ್ತವೆ. ನನ್ನ ಅನುಭವದಲ್ಲಿ ಹೊಣೆ ತಪ್ಪಿಹೋಗುವುದು ಗುಡ್ಡ ಕುಸಿದ ಮೇಲಲ್ಲ. ಬಿಸಿಲಿರುವಾಗಲೇ ತಪ್ಪಿಹೋಗಿರುತ್ತದೆ.

"ಪಂಚಾಯ್ತಿಯವ್ರು ಕಂದಾಯ ಅಂತಾರೆ, ಕಂದಾಯದವ್ರು ಅರಣ್ಯ ಅಂತಾರೆ. ನಾವು ಯಾರ ಹತ್ರ ಸಾಯೋದು?"

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಕೊಡಗಿನಲ್ಲಿ ಇದು ಹೆಚ್ಚಾಗಲು ಕಾರಣವೂ ಇದೆ. ನಮ್ಮಲ್ಲಿ ಜಾಗಕ್ಕೆ ಇರುವಷ್ಟು ಹೆಸರುಗಳು ಬೇರೆ ಕಡೆ ಕಡಿಮೆ. ಜಮ್ಮಾ, ಬಾಣೆ, ಪೈಸಾರಿ (ಸರ್ಕಾರದ ಕಂದಾಯ ಜಾಗ), ದೇವರಕಾಡು, ಸಿ ಮತ್ತು ಡಿ. ಒಂದೇ ತುಂಡು ಜಾಗ ಒಂದು ಇಲಾಖೆಯ ಪುಸ್ತಕದಲ್ಲಿ ಕಾಡು, ಇನ್ನೊಂದರಲ್ಲಿ ಕಂದಾಯ.

ದಿಡ್ಡಳ್ಳಿಯನ್ನು ನೆನಪಿಸಿಕೊಳ್ಳಿ. 2016ರ ಡಿಸೆಂಬರ್ 7ರಂದು ಅಲ್ಲಿನ ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿದರು. ಚಳಿಗಾಲ, ಮಕ್ಕಳು ಮರದಡಿ ಮಲಗಿದರು. ಅದು ಮೀಸಲು ಅರಣ್ಯ ಎಂದರು ಅರಣ್ಯ ಇಲಾಖೆಯವರು. ಪೈಸಾರಿ ಎಂದರು ಅಲ್ಲಿದ್ದ ಜನ. ತೋಟದ ಕೂಲಿಯವರಿಗಿರುವ ಲೈನ್‌ಮನೆಗಳಿಂದ ಹೊರಬಂದ ಆ ಕುಟುಂಬಗಳಿಗೆ ಅಷ್ಟು ವರ್ಷ ಒಂದು ತುಂಡು ಜಾಗ ಯಾಕೆ ಸಿಕ್ಕಿರಲಿಲ್ಲ ಎಂಬ ಮೂಲ ಪ್ರಶ್ನೆಗೆ ಯಾವ ಇಲಾಖೆಯೂ ಉತ್ತರ ಕೊಡಬೇಕಾಗಿ ಬರಲಿಲ್ಲ. ಜಾಗ ಯಾರದ್ದು ಎಂಬ ಜಗಳದಲ್ಲಿ ಆ ಪ್ರಶ್ನೆ ಕರಗಿಹೋಯಿತು. ದೊಡ್ಡ ಹೋರಾಟವೇ ಆದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಅವರಿಗೆ ಮನೆ ಕೊಟ್ಟರು.

ನನ್ನದೇ ಒಂದು ಹೇಳುತ್ತೇನೆ. 2018ರಲ್ಲಿ ನಮ್ಮ ತೋಟದ ಕೆಳಗಿನ ಅರ್ಧ ಎಕರೆ ಜಾರಿ ತೋಡಿಗೆ ಬಿತ್ತು. ಮೇಲಿನ ರಸ್ತೆಯ ಚರಂಡಿ ನೀರನ್ನು ನಮ್ಮ ತೋಟಕ್ಕೆ ತಿರುಗಿಸಿದ್ದು ಯಾರ ಆದೇಶದಿಂದ ಎಂದು ಕೇಳಿ ಅರ್ಜಿ ಹಾಕಿದೆ. ಮೂರು ಕಚೇರಿಗಳಿಂದ ಮೂರು ಹಿಂಬರಹ ಬಂದವು. ಮೂರೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿವೆ. ಮೊದಲನೆಯದರಲ್ಲಿ "ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ". ಎರಡನೆಯದರಲ್ಲಿ "ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟ ಕಚೇರಿಗೆ ಕಳುಹಿಸಲಾಗಿದೆ". ಮೂರನೆಯದು ನನ್ನನ್ನು ಮತ್ತೆ ಮೊದಲನೆಯ ಕಚೇರಿಗೆ ಕಳಿಸಿತು. ಮೂರರಲ್ಲೂ ಸುಳ್ಳಿಲ್ಲ. ಚರಂಡಿ ತಿರುಗಿಸಿದವರ ಹೆಸರು ಮಾತ್ರ ಎಲ್ಲೂ ಇಲ್ಲ.

"ಮಳೆಗಾಲಕ್ಕೆ ಮುಂಚೆ ಮನೆ ಖಾಲಿ ಮಾಡಿ ಅಂತ ನೋಟಿಸ್ ಕೊಡ್ತಾರೆ. ಅದು ಒಳ್ಳೇದಲ್ವಾ?"

ಮುನ್ಸೂಚನೆ ಒಳ್ಳೆಯದೇ. ಅದರಿಂದ ಜೀವ ಉಳಿದಿದೆ. ಆದರೆ ನೋಟಿಸಿನಲ್ಲಿ ಎರಡು ಬಗೆ ಇದೆ.

ಸಿದ್ದಾಪುರದ ಹತ್ತಿರ ಕರಡಿಗೋಡು, ಗುಹ್ಯ ಕಡೆ ಕಾವೇರಿ ದಂಡೆಯಲ್ಲಿ ಇರುವವರಿಗೆ ಮಳೆಗಾಲ ಬಂತೆಂದರೆ ನೋಟಿಸ್ ಬರುತ್ತದೆ. ಗುಡ್ಡದ ಅಂಚಿನಲ್ಲಿ ಇರುವವರಿಗೂ ಬರುತ್ತದೆ. ನನ್ನ ಹತ್ತಿರ ಒಬ್ಬ ಅಜ್ಜಿ ಅಂಥದ್ದೊಂದನ್ನು ತಂದಿದ್ದರು. ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದರಂತೆ. ಒಲೆ ಹೊಗೆಗೆ ಕಾಗದ ಕಂದಾಗಿತ್ತು. ಅದರ ಅಡಿಯಲ್ಲಿ ಹಿಂದಿನ ವರ್ಷದ್ದು, ಅದರ ಅಡಿಯಲ್ಲಿ ಅದರ ಹಿಂದಿನದ್ದು. ತಾರೀಖು ಬಿಟ್ಟರೆ ಅಕ್ಷರ ಅಕ್ಷರವೂ ಒಂದೇ. ಸುರಕ್ಷಿತ ಸ್ಥಳಕ್ಕೆ ಹೋಗಬೇಕು, ತಪ್ಪಿದರೆ ಮುಂದಾಗುವ ಅನಾಹುತಕ್ಕೆ ತಾವೇ ಹೊಣೆ. ಯಾವ ಸ್ಥಳ, ಯಾವ ವಾಹನದಲ್ಲಿ, ಎಷ್ಟು ದಿನಕ್ಕೆ, ಹಸುವನ್ನು ಏನು ಮಾಡಬೇಕು ಎಂಬುದು ಯಾವುದರಲ್ಲೂ ಇರಲಿಲ್ಲ. ಅಜ್ಜಿ ಕೇಳಿದ್ದು ಇಷ್ಟೇ: "ಎಲ್ಲಿಗೆ ಹೋಗ್ಬೇಕು ಅಂತ ಬರ್ದಿದೆಯಾ ನೋಡು ಮಗಾ."

ಜಾಗ ತೋರಿಸಿ, ವಾಹನ ಕಳಿಸಿ, ದಿನಸಿ ಇಟ್ಟು ಕೊಡುವ ನೋಟಿಸು ಜನರನ್ನು ಕಾಪಾಡುತ್ತದೆ. "ತಾವೇ ಹೊಣೆ" ಎಂಬ ಸಾಲಿಗಾಗಿಯೇ ಕೊಡುವ ನೋಟಿಸು ಕೊಟ್ಟವರನ್ನು ಕಾಪಾಡುತ್ತದೆ. ನಿಮ್ಮ ಕೈಗೆ ಬಂದ ಕಾಗದ ಯಾವ ಬಗೆಯದ್ದು ಎಂದು ಓದಿದ ಕೂಡಲೇ ತಿಳಿಯುತ್ತದೆ. ಎರಡನೆಯ ಬಗೆಯದಾದರೆ ಅದೇ ವಾರ ಲಿಖಿತ ಉತ್ತರ ಕೊಡಿ: "ಹೋಗಲು ಸಿದ್ಧ. ಸ್ಥಳ ತಿಳಿಸಿ." ಆ ಉತ್ತರದ ಮೇಲೆ ಕಚೇರಿ ಮೊಹರು ಬಿದ್ದರೆ ಹೊಣೆ ಮತ್ತೆ ಅತ್ತ ಹೋಗುತ್ತದೆ.

"ಬೆಂಗಳೂರು ಕೇಳಿದ್ರೆ ದಿಲ್ಲಿ ದುಡ್ಡು ಕೊಟ್ಟಿಲ್ಲ ಅಂತಾರೆ. ದಿಲ್ಲಿಯವ್ರು ಬೆಂಗಳೂರು ಲೆಕ್ಕ ಕೊಟ್ಟಿಲ್ಲ ಅಂತಾರೆ. ಯಾರದು ನಿಜ?"

ಎಷ್ಟೋ ಸಲ ಎರಡೂ ಅರ್ಧ ನಿಜ. ವಿಪತ್ತಿನ ಖರ್ಚಿಗೆ ರಾಜ್ಯದಲ್ಲಿ ಒಂದು ನಿಧಿ ಇದೆ. ಅದಕ್ಕೆ ಕೇಂದ್ರ 75 ಪಾಲು, ರಾಜ್ಯ 25 ಪಾಲು ಹಾಕುತ್ತವೆ. ಅದು ಸಾಲದಿದ್ದರೆ ರಾಜ್ಯ ಮನವಿ ಕೊಡಬೇಕು, ಕೇಂದ್ರದ ತಂಡ ಬಂದು ನೋಡಬೇಕು, ಮೇಲಿನ ಸಮಿತಿ ಒಪ್ಪಬೇಕು. ಇಷ್ಟು ಮೆಟ್ಟಿಲು ಇದ್ದಾಗ ತಡವಾದದ್ದು ಎಲ್ಲಿ ಎಂದು ಎರಡು ಕಡೆಯವರೂ ಬೇರೆ ಬೇರೆ ಮೆಟ್ಟಿಲು ತೋರಿಸಬಹುದು.

2023ರ ಬರಗಾಲಕ್ಕೆ ಕರ್ನಾಟಕ 18,171 ಕೋಟಿ ರೂಪಾಯಿ ಕೇಳಿತು. ತಿಂಗಳುಗಟ್ಟಲೆ ಬಾರದಾಗ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್‌ನಲ್ಲಿ 3,454 ಕೋಟಿ ಬಂತು. ಆ ಹಣ ಕೋರ್ಟಿಗೆ ಹೋದ ಮೇಲೆ ಬಂತು ಎಂಬುದನ್ನು ಗಮನಿಸಿ. ಇಬ್ಬರೂ ಉತ್ತರ ಹೇಳಲೇಬೇಕಾದ ಜಾಗ ಅದೊಂದೇ ಆಗಿತ್ತು.

"ಸತ್ತವ್ರ ಲೆಕ್ಕ ಸರ್ಕಾರದ್ದೇ ಬೇರೆ, ಜನರದ್ದೇ ಬೇರೆ. ಯಾಕೆ ಹೀಗೆ?"

ಕಾರಣ ಯಾವುದು ಎಂದು ಬರೆಯುವವರ ಕೈಯಲ್ಲೇ ಲೆಕ್ಕ ಇರುತ್ತದೆ. ಚಾಮರಾಜನಗರದಲ್ಲಿ 2021ರ ಮೇ ತಿಂಗಳ ಮೊದಲ ವಾರ, ಕೋವಿಡ್ ಜೋರಾಗಿದ್ದಾಗ, ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ದಿನದ ಒಳಗೆ 24 ಜನ ತೀರಿಕೊಂಡರು ಎಂಬುದು ಮೊದಲು ಬಂದ ಲೆಕ್ಕ. ಆಕ್ಸಿಜನ್ ಸಿಗದೆ ಸತ್ತವರು ಮೂವರು ಮಾತ್ರ ಎಂದಿತು ಸರ್ಕಾರ. ಹೈಕೋರ್ಟ್ ನೇಮಿಸಿದ ಸಮಿತಿ ಲೆಕ್ಕ ಹಾಕಿದಾಗ 36 ಜನ ಎಂದಾಯಿತು. ಅದೇ ವರ್ಷ ಜುಲೈನಲ್ಲಿ, ಆಕ್ಸಿಜನ್ ಕೊರತೆಯಿಂದ ಸತ್ತದ್ದಾಗಿ ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದು ಕೇಂದ್ರ ಸರ್ಕಾರ ರಾಜ್ಯಸಭೆಯಲ್ಲಿ ಹೇಳಿತು. ರಾಜ್ಯಗಳ ಕಾಗದದಲ್ಲಿ ಆ ಕಾರಣ ಇರಲಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಸಿಲಿಂಡರಿಗಾಗಿ ಕಾದ ಮನೆಯವರಿಗೆ ಆ ಉತ್ತರ ಕೇಳಿ ಹೇಗಾಗಿರಬೇಡ?

ಇದು ಹೊಸದಲ್ಲ. 1943ರ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರೂ ಬ್ರಿಟಿಷ್ ಆಡಳಿತ ಅದನ್ನು ಕ್ಷಾಮ ಎಂದು ಅಧಿಕೃತವಾಗಿ ಘೋಷಿಸಲೇ ಇಲ್ಲ. ಘೋಷಿಸಿದ್ದರೆ ಅವರದೇ ಕ್ಷಾಮ ಸಂಹಿತೆಯ ಪ್ರಕಾರ ಪರಿಹಾರ ಕೆಲಸ ಶುರು ಮಾಡಲೇಬೇಕಿತ್ತು.

"ತನಿಖಾ ಆಯೋಗ ಅಂದ್ರೆ ಕಾಲ ತಳ್ಳೋದು ಅಂತ ಅರ್ಥನಾ?"

ಎಲ್ಲಾ ಸಲ ಅಲ್ಲ. ಚಾಮರಾಜನಗರದ ನಿಜವಾದ ಸಂಖ್ಯೆ ಹೊರಬಂದದ್ದೇ ಒಂದು ಸಮಿತಿಯಿಂದ. ಅದನ್ನು ನೇಮಿಸಿದ್ದು ಹೈಕೋರ್ಟ್. ಆದರೆ 1952ರ ತನಿಖಾ ಆಯೋಗಗಳ ಕಾಯ್ದೆಯಡಿ ಸರ್ಕಾರ ನೇಮಿಸುವ ಆಯೋಗದ ಮಾತು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ವರದಿ ಕೈಗೆ ಬಂದ ಆರು ತಿಂಗಳ ಒಳಗೆ, ಏನು ಕ್ರಮ ಕೈಗೊಂಡಿದ್ದೇವೆ ಎಂಬ ಟಿಪ್ಪಣಿಯ ಜೊತೆ ಸದನದಲ್ಲಿ ಇಡಬೇಕು, ಅಷ್ಟೇ. ವರದಿ ಬರುವುದಕ್ಕೇ ವರ್ಷಗಳು ಹಿಡಿಯಬಹುದು. ಬಾಬರಿ ಮಸೀದಿ ಕೆಡವಿದ ಮೇಲೆ 1992ರಲ್ಲಿ ನೇಮಿಸಿದ ಲಿಬರ್ಹಾನ್ ಆಯೋಗಕ್ಕೆ ಕೊಟ್ಟ ಗಡುವು ಮೂರು ತಿಂಗಳು. ಅದು ವರದಿ ಕೊಟ್ಟದ್ದು 2009ರಲ್ಲಿ.

ಆಯೋಗ ರಚಿಸಿದರು ಎಂದಾಗ ಮೂರು ಕೇಳಿ. ಗಡುವು ಎಷ್ಟು? ಕಾರಣ ಮಾತ್ರ ಹುಡುಕಬೇಕೋ, ಹೊಣೆಗಾರರನ್ನೂ ಹೆಸರಿಸಬೇಕೋ? ವರದಿ ಜನರ ಕೈಗೆ ಬರುತ್ತದೋ?

"ಗಾಡ್ಗೀಳ್ ಅಂದ್ರು, ಕಸ್ತೂರಿರಂಗನ್ ಅಂದ್ರು. ಕೊನೆಗೆ ಏನಾಯ್ತು?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆ ಮೇಲೇ ಇದರ ಪರಿಣಾಮ ಇದೆ.

ಪಶ್ಚಿಮ ಘಟ್ಟವನ್ನು ಹೇಗೆ ಕಾಪಾಡಬೇಕು ಎಂದು ಹೇಳಲು ಕೇಂದ್ರ ಸರ್ಕಾರ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರ ಸಮಿತಿ ರಚಿಸಿದ್ದು 2010ರಲ್ಲಿ. 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟರು. ಇಡೀ ಪಶ್ಚಿಮ ಘಟ್ಟವೇ ಸೂಕ್ಷ್ಮ, ಆದರೆ ಸೂಕ್ಷ್ಮತೆ ಎಲ್ಲ ಕಡೆ ಒಂದೇ ಮಟ್ಟದ್ದಲ್ಲ ಎಂದರು. ಎಲ್ಲಿ ಏನು ಮಾಡಬಾರದು ಎಂಬುದನ್ನು ಗ್ರಾಮಸಭೆಗಳ ಜೊತೆ ಚರ್ಚಿಸಿ ತೀರ್ಮಾನಿಸಿ ಎಂದೂ ಹೇಳಿದರು. ಸರ್ಕಾರ ಆ ವರದಿಯನ್ನು ಹೊರಗೆ ಬಿಡಲೇ ಇಲ್ಲ. ಮಾಹಿತಿ ಹಕ್ಕಿನಡಿ ಕೇಳಿ, ಮಾಹಿತಿ ಆಯೋಗ ಆದೇಶ ಮಾಡಿ, ವಿಷಯ ದಿಲ್ಲಿ ಹೈಕೋರ್ಟಿನ ತನಕ ಹೋಗಿ, 2012ರ ಮೇ ತಿಂಗಳಲ್ಲಿ ಅದು ಜನರಿಗೆ ಸಿಕ್ಕಿತು.

ಆಮೇಲೆ ಆ ವರದಿಯನ್ನು ಪರಿಶೀಲಿಸಲು ಇನ್ನೊಂದು ಸಮಿತಿ. ಬಾಹ್ಯಾಕಾಶ ವಿಜ್ಞಾನಿ ಕಸ್ತೂರಿರಂಗನ್ ಅವರದ್ದು. 2013ರಲ್ಲಿ ಬಂದ ಅದರ ವರದಿ ಸೂಕ್ಷ್ಮ ಪ್ರದೇಶವನ್ನು ಘಟ್ಟದ ಶೇಕಡ 37ಕ್ಕೆ ಇಳಿಸಿತು. ಕೊಡಗಿನ 55 ಗ್ರಾಮಗಳು ಅದರ ಪಟ್ಟಿಯಲ್ಲಿದ್ದವು. ಅಲ್ಲಿಂದ ಶುರುವಾದ ಕರಡು ಅಧಿಸೂಚನೆಗಳನ್ನು ಎಣಿಸಿ: 2014, 2015, 2017, 2018, 2022, 2024. ಆರು. ಒಂದೂ ಅಂತಿಮವಾಗಲಿಲ್ಲ. ಕರಡಿಗೆ ಆಕ್ಷೇಪಣೆ ಕರೆಯುತ್ತಾರೆ, ಅವಧಿ ಮುಗಿಯುತ್ತದೆ, ಕರಡು ಬಿದ್ದುಹೋಗುತ್ತದೆ, ಹೊಸ ಕರಡು ಬರುತ್ತದೆ. ಆರನೆಯದು ಹೊರಬಿದ್ದದ್ದು 2024ರ ಜುಲೈ 31ರಂದು. ಪಕ್ಕದ ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತದ್ದು ಅದರ ಹಿಂದಿನ ದಿನ. ಅದೇ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿ ಬೇಡ ಎಂದು ತೀರ್ಮಾನಿಸಿತು.

ಹತ್ತು ವರ್ಷಕ್ಕೂ ಮೇಲೆ ಕೇಂದ್ರ "ಕರಡು ಹೊರಡಿಸಿದ್ದೇವೆ" ಎನ್ನಬಹುದಾಗಿತ್ತು. ರಾಜ್ಯ "ಜನರ ಪರ ವಿರೋಧಿಸಿದ್ದೇವೆ" ಎನ್ನಬಹುದಾಗಿತ್ತು. ಬರೆ ಕಡಿಯುವ ಕೆಲಸ ಎರಡರ ನಡುವೆ ನಡೆದೇ ಇತ್ತು.

ನಾವೂ ವಿರೋಧಿಸಿದೆವು ಎಂಬುದನ್ನು ಮುಚ್ಚಿಡಬಾರದು. ಕೊಡಗಿನಲ್ಲಿ ಸಭೆ ಆದವು, ಬಂದ್ ಆದವು. ತೋಟಕ್ಕೆ ಗೊಬ್ಬರ ಹಾಕಲು ಬಿಡುವುದಿಲ್ಲವಂತೆ, ಮನೆ ರಿಪೇರಿ ಮಾಡುವ ಹಾಗಿಲ್ಲವಂತೆ ಎಂಬ ಹೆದರಿಕೆ ಊರೂರಲ್ಲಿ ಇತ್ತು. ವರದಿ ಇಂಗ್ಲಿಷಿನಲ್ಲಿತ್ತು. ನಮ್ಮ ಊರಿಗೆ ಬಂದು ಅದರಲ್ಲಿ ಏನಿದೆ ಎಂದು ಕೂತು ವಿವರಿಸಿದವರು ಯಾರೂ ಇರಲಿಲ್ಲ. ಜನರಿಗೆ ತಿಳಿಸದೆ ಇಟ್ಟು, ಆಮೇಲೆ ಜನರ ಭಯವನ್ನೇ ಕಾರಣವಾಗಿ ತೋರಿಸುವುದನ್ನು ನಾನು ತುಂಬಾ ದೊಡ್ಡ ತಪ್ಪು ಎಂದೇ ಎಣಿಸುತ್ತೇನೆ.

"ಶುರುವಲ್ಲಿ ಒಂದು ಹೇಳ್ತಾರೆ, ಆಮೇಲೆ ಇನ್ನೊಂದು. ನಾವೇ ತಪ್ಪು ಕೇಳಿಸ್ಕೊಂಡ್ವಾ?"

ಇಲ್ಲ, ನೀವು ಸರಿಯಾಗಿಯೇ ಕೇಳಿಸಿಕೊಂಡಿದ್ದೀರಿ. 2016ರ ನವೆಂಬರ್ 8ರಂದು ನೋಟು ರದ್ದು ಮಾಡಿದಾಗ ಹೇಳಿದ್ದು ಕಪ್ಪುಹಣ ಮತ್ತು ಖೋಟಾನೋಟು. ಕೆಲವೇ ವಾರಗಳಲ್ಲಿ ಮಾತು ನಗದುರಹಿತ ವ್ಯವಹಾರದ ಕಡೆ ತಿರುಗಿತು. 2018ರಲ್ಲಿ ರಿಸರ್ವ್ ಬ್ಯಾಂಕೇ ಶೇಕಡ 99.3ರಷ್ಟು ನೋಟು ವಾಪಸ್ ಬಂದಿದೆ ಎಂದಿತು. ಆ ಹೊತ್ತಿಗೆ ಗುರಿಯೇ ಬದಲಾಗಿತ್ತು. ಆ ನವೆಂಬರ್‌ನಲ್ಲಿ ಕಾಫಿ ಹಣ್ಣಾಗುತ್ತಿತ್ತು. ತೋಟಗಳಲ್ಲಿ ವಾರದ ಬಟವಾಡೆಗೆ ನಗದು ಇರಲಿಲ್ಲ. ಲೈನ್‌ಮನೆಯವರು ಸಂತೆಯಲ್ಲಿ ಸಾಲ ಹೇಳಿ ಅಕ್ಕಿ ತಂದರು. ಆ ಕಷ್ಟವನ್ನು ಯಾವ ಗುರಿಯ ಲೆಕ್ಕಕ್ಕೆ ಹಾಕಬೇಕು ಎಂದು ಇವತ್ತಿಗೂ ಯಾರೂ ಹೇಳಿಲ್ಲ.

"ಆ ನೌಕರನ್ನ ಸಸ್ಪೆಂಡ್ ಮಾಡಿದ್ರಲ್ಲ, ಇನ್ನೇನು?"

ಸಹಿ ಹಾಕಿದ ಕೆಳಗಿನವರು ಹೋಗುತ್ತಾರೆ, ಸಹಿ ಹಾಕಿಸಿದವರು ಉಳಿಯುತ್ತಾರೆ. ಎಷ್ಟೋ ಸಲ ಆ ಅಮಾನತು ಕೂಡ ಸದ್ದಿಲ್ಲದೆ ತೆರವಾಗುತ್ತದೆ. 1956ರಲ್ಲಿ ಅರಿಯಲೂರಿನ ರೈಲು ಅಪಘಾತವಾದ ಮೇಲೆ ರೈಲ್ವೆ ಮಂತ್ರಿ ಲಾಲ್ ಬಹಾದುರ್ ಶಾಸ್ತ್ರಿ ರಾಜೀನಾಮೆ ಕೊಟ್ಟರು. ಅವರು ರೈಲು ಓಡಿಸಿರಲಿಲ್ಲ. ಇಲಾಖೆ ನನ್ನದು ಎಂದರು, ಅಷ್ಟೇ. ಅದನ್ನು ಇಂದಿಗೂ ನೆನೆಯುತ್ತೇವೆ ಎಂದರೆ ಅಂಥದ್ದು ಎಷ್ಟು ವಿರಳ ಎಂದು ಯೋಚಿಸಿ.

## ಸ್ವಲ್ಪ ಆಳದ ಪ್ರಶ್ನೆಗಳು

"ಬರೆ ಕಡಿದದ್ದು ನಮ್ಮವ್ರೇ. ಹೋಂಸ್ಟೇ ಕಟ್ಟಿದ್ದು ನಮ್ಮವ್ರೇ. ಸರ್ಕಾರಾನ ಯಾಕೆ ಬೈಬೇಕು?"

ಈ ಪ್ರಶ್ನೆ ಕೇಳಿದವರು ಪ್ರಾಮಾಣಿಕರು. ನಮ್ಮ ಪಾಲು ಇದೆ, ನಿಜ. ಕಾಫಿಗೆ ಬೆಲೆ ಇಲ್ಲದ ವರ್ಷಗಳಲ್ಲಿ ಒಂದೆರಡು ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟವರು ಬಹಳ. ಆದರೆ ಒಬ್ಬ ಮನೆಯವನಿಗೆ ಅವನ ಎರಡು ಸೆಂಟ್ ಜಾಗ ಮಾತ್ರ ಕಾಣುತ್ತದೆ. ಇಡೀ ಗುಡ್ಡದಲ್ಲಿ ಎಷ್ಟು ಕಡೆ ಕಡಿದಿದ್ದಾರೆ, ಒಟ್ಟು ಭಾರ ಎಷ್ಟು, ನೀರು ಎಲ್ಲಿ ಇಳಿಯುತ್ತದೆ ಎಂದು ನೋಡಬಲ್ಲದ್ದು ಸರ್ಕಾರ ಮಾತ್ರ. ಭೂ ಪರಿವರ್ತನೆಯ ಅಧಿಕಾರವನ್ನು ಅದರ ಕೈಗೆ ಕೊಟ್ಟದ್ದೇ ಆ ಕಾರಣಕ್ಕೆ. ಎಲ್ಲರ ತಪ್ಪೂ ಸಮ ಎಂದುಬಿಟ್ಟರೆ ಲೈನ್‌ಮನೆಯಲ್ಲಿ ಮಲಗಿದ್ದಾಗ ಮಣ್ಣಿನಡಿ ಹೋದವರ ತಪ್ಪೇನು ಎಂದು ಹೇಳಬೇಕಾಗುತ್ತದೆ.

"ಕಾನೂನಲ್ಲೇ ಅವ್ರಿಗೆ ರಕ್ಷಣೆ ಇದೆಯಂತೆ, ಹೌದಾ?"

ಹೌದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 73ನೇ ಕಲಂ ಪ್ರಕಾರ ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಅಧಿಕಾರಿಗಳ ಮೇಲೆ ದಾವೆ ಹೂಡಲು ಆಗುವುದಿಲ್ಲ. ಕರ್ತವ್ಯದ ಮೇಲೆ ಮಾಡಿದ ಕೆಲಸಕ್ಕಾಗಿ ಕ್ರಿಮಿನಲ್ ಮೊಕದ್ದಮೆ ನಡೆಸಬೇಕಾದರೆ ಮೇಲಿನ ಹಂತದ ಅಧಿಕಾರಿಗಳ ವಿಷಯದಲ್ಲಿ ಸರ್ಕಾರದ ಪೂರ್ವಾನುಮತಿ ಬೇಕು. ಇದಕ್ಕೆ ಅರ್ಥವೂ ಇದೆ. ಪ್ರವಾಹದ ರಾತ್ರಿ ದೋಣಿ ಇಳಿಸಬೇಕೋ ಬೇಡವೋ ಎಂದು ಅಧಿಕಾರಿ ವಕೀಲರನ್ನು ಕೇಳುತ್ತಾ ಕೂರಬಾರದು.

ಆದರೆ ಆ ರಕ್ಷಣೆ ಸರ್ಕಾರಕ್ಕೆ ಪೂರ್ತಿ ಗೋಡೆಯಲ್ಲ. ಒಡಿಶಾದ ನೀಲಾಬತಿ ಬೆಹರಾ ತಮ್ಮ ಮಗ ಪೊಲೀಸ್ ವಶದಲ್ಲಿ ಸತ್ತದ್ದಕ್ಕಾಗಿ ಹೂಡಿದ ಮೊಕದ್ದಮೆಯಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಬದುಕುವ ಹಕ್ಕಿಗೆ ಸರ್ಕಾರದ ಕಡೆಯಿಂದ ಧಕ್ಕೆಯಾದರೆ "ನಾನು ಸರ್ಕಾರ" ಎಂಬ ನೆಪ ನಡೆಯುವುದಿಲ್ಲ, ಪರಿಹಾರ ಕೊಡಬೇಕು. ಆ ತಾಯಿ ಕೋರ್ಟಿಗೆ ಬರೆದದ್ದು ಬರೀ ಒಂದು ಪತ್ರ.

"ಹೀಗೆ ಎಲ್ಲದಕ್ಕೂ ಹೊಣೆ ಹಾಕ್ತಾ ಹೋದ್ರೆ ಯಾವ ಆಫೀಸರೂ ಸಹಿ ಹಾಕಲ್ಲ. ಆಗ ಏನು ಮಾಡ್ತೀರಿ?"

ನಿವೃತ್ತ ಅಧಿಕಾರಿಯೊಬ್ಬರು ಕೇಳಿದ್ದು. ಬಹಳ ದಿನ ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾರಂಗಿ ಅಣೆಕಟ್ಟಿನ ಎಂಜಿನಿಯರ್ ಜಾಗದಲ್ಲಿ ನಿಂತು ನೋಡಿ. ಪೂರ್ಣ ಮಟ್ಟ 2,859 ಅಡಿ. ಬೇಗ ತುಂಬಿಸದಿದ್ದರೆ ಪಿರಿಯಾಪಟ್ಟಣ ಕಡೆಯ ರೈತರು ನೀರಿಲ್ಲ ಎಂದು ಬೈಯುತ್ತಾರೆ. ತುಂಬಿಸಿ ಇಟ್ಟಾಗ ದೊಡ್ಡ ಮಳೆ ಬಂದು ಒಮ್ಮೆಲೇ ಗೇಟು ತೆಗೆದರೆ ಹೊಳೆ ದಂಡೆಯವರು ಬೈಯುತ್ತಾರೆ. ಎರಡರಲ್ಲಿ ಒಂದು ತಪ್ಪು ಆಗಿಯೇ ತೀರುತ್ತದೆ. ಇಂಥ ಕೆಲಸದಲ್ಲಿ ಫಲ ಮಾತ್ರ ನೋಡಿ ಶಿಕ್ಷೆ ಕೊಟ್ಟರೆ ಅವರು ಹೇಳಿದ್ದೇ ಆಗುತ್ತದೆ, ಯಾರೂ ಸಹಿ ಹಾಕುವುದಿಲ್ಲ.

ಹಾಗಾಗಿ ಕೇಳಬೇಕಾದದ್ದು "ತಪ್ಪಾಯಿತಾ?" ಎಂದಲ್ಲ. ಆ ದಿನ ಅವರಿಗೆ ಏನು ಗೊತ್ತಿತ್ತು? ಮಳೆಯ ಮುನ್ಸೂಚನೆ ಕೈಯಲ್ಲಿತ್ತೇ? ಯಾವ ಮಟ್ಟಕ್ಕೆ ಬಂದಾಗ ಎಷ್ಟು ಬಿಡಬೇಕು ಎಂದು ಮೊದಲೇ ಬರೆದಿಟ್ಟಿದ್ದರೇ? ಅದನ್ನು ಬಿಟ್ಟು ನಡೆದಿದ್ದರೆ ಕಾರಣ ದಾಖಲಿಸಿದ್ದರೇ? ಗೊತ್ತಿದ್ದನ್ನೆಲ್ಲ ಇಟ್ಟುಕೊಂಡು, ಕಾರಣ ಬರೆದು, ನಿರ್ಧಾರ ಮಾಡಿ ಸೋತವರನ್ನು ನಾವು ಕಾಪಾಡಬೇಕು. ಗೊತ್ತಿದ್ದದ್ದನ್ನು ಬಚ್ಚಿಟ್ಟವರನ್ನು, ನಿರ್ಧಾರವನ್ನೇ ಮಾಡದೆ ಕಡತ ತಳ್ಳಿದವರನ್ನು ಕೇಳಬೇಕು. ಇದನ್ನು ಹೇಳಿದಾಗ ಆ ಹಿರಿಯರು ಒಂದು ಮಾತು ಸೇರಿಸಿದರು: "ಕಡತ ತಳ್ಳಿದರೆ ಯಾರಿಗೂ ನೋಟಿಸ್ ಬರಲ್ಲಮ್ಮ, ಅದೇ ಕಷ್ಟ."

"ನಾವು ಕೂಲಿ ಮಾಡೋರು. ನಮ್ಮ ಕೈಲಿ ಏನಾಗುತ್ತೆ?"

ಕಾಗದ ಇಟ್ಟುಕೊಳ್ಳಬಹುದು. ಅದೂ ಅನಾಹುತ ಆಗುವ ಮುಂಚೆ.

ಬರೆ ಬಿರುಕು ಬಿಟ್ಟರೆ, ತೋಡು ಮುಚ್ಚಿದರೆ, ತಾರೀಖು ಕಾಣುವ ಹಾಗೆ ಫೋಟೋ ತೆಗೆಯಿರಿ. ಎರಡು ಪ್ರತಿ ಅರ್ಜಿ ಬರೆಯಿರಿ. ಒಂದನ್ನು ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳಿ. ಮೊಹರಿಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ. ಗ್ರಾಮಸಭೆಯಲ್ಲಿ ಬಾಯಿಮಾತಲ್ಲಿ ಹೇಳಿ ಬರಬೇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗ.

ಏನು ಕೇಳುತ್ತೀರಿ ಎಂಬುದು ಮುಖ್ಯ. "ಯಾಕೆ ಮಾಡಲಿಲ್ಲ?" ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎಂದು ತಳ್ಳುತ್ತಾರೆ. "ಇಂಥ ತಾರೀಖಿನ ನನ್ನ ಅರ್ಜಿಯ ಮೇಲೆ ಇಂದಿನವರೆಗೆ ಬರೆದಿರುವ ಟಿಪ್ಪಣಿ ಹಾಳೆಯ ಪ್ರತಿ ಕೊಡಿ" ಎಂದು ಕೇಳಿ. ಆ ಹಾಳೆಯಲ್ಲಿ ಕಡತ ಯಾರ ಮೇಜಿಗೆ ಯಾವ ದಿನ ಬಂತು, ಯಾವ ದಿನ ಹೋಯಿತು ಎಂದು ಇರುತ್ತದೆ. ಖಾಲಿ ಇದ್ದರೆ ಆ ಖಾಲಿ ಹಾಳೆಯೇ ನಿಮ್ಮ ಸಾಕ್ಷಿ.

ಅಂದಹಾಗೆ, ನಮ್ಮ ಚರಂಡಿಯ ಟಿಪ್ಪಣಿ ಹಾಳೆ ನನಗೂ ಸಿಕ್ಕಿದ್ದು ಹೀಗೆಯೇ, ಮೊದಲ ಮೇಲ್ಮನವಿಯ ನಂತರ.

"ಹೊಸ ಮನೆ ಕೊಟ್ಟಾಯ್ತಲ್ಲ, ಇನ್ನೇನು ಕೇಳ್ತೀರಿ ಅಂತಾರೆ. ನಾವು ಕೇಳೋದು ತಪ್ಪಾ?"

ಮದೆನಾಡು, ಜಂಬೂರು, ಕರ್ಣಂಗೇರಿಯ ಹೊಸ ಮನೆಗಳಿಗೆ ಹೋದವರು ಕೇಳುವುದು ಇದು. ತಪ್ಪಲ್ಲ. ಮನೆ ಕೊಟ್ಟದ್ದು ಒಳ್ಳೆಯ ಕೆಲಸ, ಆ ಮಾತಿನಲ್ಲಿ ಎರಡಿಲ್ಲ. ಆದರೆ ಪರಿಹಾರ ಬೇರೆ, ಉತ್ತರ ಬೇರೆ. ಮನೆ ಸಿಕ್ಕಿತು ಎಂದರೆ ಗುಡ್ಡ ಕಡಿಯಲು ಒಪ್ಪಿಗೆ ಕೊಟ್ಟವರು ಯಾರು ಎಂಬ ಪ್ರಶ್ನೆ ಮುಗಿಯಿತು ಎಂದಲ್ಲ.

ಕಳೆದ ವರ್ಷ ಮಕ್ಕಂದೂರು ಕಡೆಯವರೊಬ್ಬರು ಬಂದಿದ್ದರು. ಅವರಿಗೆ ಮನೆ ಸಿಕ್ಕಿದೆ, ತೋಟ ಹೋಗಿದೆ. ದಿನಾ ಬಸ್ಸು ಹಿಡಿದು ಬೇರೆಯವರ ತೋಟಕ್ಕೆ ಕೆಲಸಕ್ಕೆ ಹೋಗುತ್ತಾರೆ. ಹಳೆಯ ಜಾಗದ ಪಕ್ಕದ ಇಳಿಜಾರಿನಲ್ಲಿ ಮತ್ತೆ ಜೆಸಿಬಿ ಕೆಲಸ ನಡೆಯುತ್ತಿದೆ ಎಂದರು. ಮೊಬೈಲಿನಲ್ಲಿ ಫೋಟೋ ತೋರಿಸಿದರು, ಕೆಂಪು ಮಣ್ಣು ಹಸಿಯಾಗಿತ್ತು. ಅರ್ಜಿ ಬರೆದೆವು. ಯಾರ ಒಪ್ಪಿಗೆ, ಯಾವ ತಾರೀಖು, ಇಳಿಜಾರು ಪರಿಶೀಲಿಸಿದ ವರದಿಯ ಪ್ರತಿ. ಎರಡು ಪ್ರತಿ ಮಾಡಿದೆವು. ಅವರು ಮೊಹರು ಹಾಕಿಸಿಕೊಂಡು ಬಂದು, ಆ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿಟ್ಟು ಸಂಜೆಯ ಬಸ್ಸಿಗೆ ಹೋದರು. ಅದು ಮೇ ತಿಂಗಳು. ಮಳೆಗೆ ಇನ್ನೂ ಮೂರು ವಾರ ಇತ್ತು.